ಹರಿದ ಚಿತ್ರ, ಕೇಳದ ಮಾತು

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಬರುವ ಕಥೆಯೊಂದು, ರಂಗಭೂಮಿಯ ವಿಷಯವಾಗಿ ಆಲೋಚಿಸುವವರೆಲ್ಲರೂ ಆಗಾಗ ನೆನೆಯತಕ್ಕದ್ದಾಗಿದೆ. ಇಂದ್ರಧ್ವಜೋತ್ಸವದ ಸಂದರ್ಭದಲ್ಲಿ ಭರತಮುನಿಯು ತನ್ನ ಮಕ್ಕಳೊಡನೆ ಪ್ರಪ್ರಥಮವಾಗಿ ನಾಟ್ಯಪ್ರಯೋಗವನ್ನು ಮಾಡಿದಾಗ, ದೇವತೆಗಳು ದೈತ್ಯರನ್ನು ಜಯಿಸಿದ ವೃತ್ತಾಂತವನ್ನೇ ಅದಕ್ಕೆ ವಸ್ತುವಾಗಿ ಇರಿಸಿಕೊಂಡಿದ್ದನಾಗಿ, ಅದನ್ನು ಕಂಡ ದೈತ್ಯರು ಕ್ಷುಬ್ಧರಾಗಿ, ವಿರೂಪಾಕ್ಷನೆಂಬವನನ್ನು ಮುಂದಿಟ್ಟುಕೊಂಡು, ವಿಘ್ನರೆಂಬ ದುಷ್ಟಶಕ್ತಿಗಳ ಸಹಾಯದಿಂದ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಇಂದ್ರನು ಕೋಪಗೊಂಡು ಧ್ವಜದ ಕೋಲನ್ನೇ ಎತ್ತಿ ಅವರನ್ನು ಜರ್ಜರಿತರನ್ನಾಗಿ ಮಾಡಿದನು. ಆದರೂ ಕಲಹವು ಶಮನವಾಗಲಿಲ್ಲ. ಕಡೆಗೆ ಬ್ರಹ್ಮನು ಸಾಮೋಪಾಯವನ್ನು ಹಿಡಿದು, ನಾಟ್ಯವನ್ನು ಕೆಡಿಸಲು ನೀವು ಎದ್ದುದು ಏಕೆಂದು ಅವರನ್ನೇ ಕೇಳಿ, ಅವರ ದುಃಖವನ್ನು ಆಲಿಸಿ, ನಾಟ್ಯವೆಂಬುದು ಮೂರು ಲೋಕಗಳ ಭಾವಗಳ ಅನುಕೀರ್ತನವೇ ಹೊರತು ಒಂದು ಪಕ್ಷದ ಸ್ತೋತ್ರವಲ್ಲವೆಂದು ತಿಳಿಯಹೇಳಿದನು. ನಮ್ಮ ಪರಂಪರೆಯು ಕಲ್ಪಿಸಿಕೊಂಡಿರುವ ಪ್ರಥಮ ನಾಟಕಕ್ಕೆ ಪ್ರೇಕ್ಷಕರಿಂದ ದೊರೆತ ಪ್ರತಿಕ್ರಿಯೆಯು ಹೀಗೆ ಕರತಾಡನದ ಜೊತೆಗೆ ಕ್ರೋಧವನ್ನೂ ಒಳಗೊಂಡಿತ್ತು. ಆ ಕ್ರೋಧಕ್ಕೆ ಉತ್ತರವಾಗಿ ಒಬ್ಬನು ಕೋಲನ್ನು ಎತ್ತಿದನು, ಇನ್ನೊಬ್ಬನು 'ಏಕೆ' ಎಂಬ ಪ್ರಶ್ನೆಯನ್ನು ಎತ್ತಿದನು.

ಪ್ರೇಕ್ಷಕನಾದವನು ತಾನು ಕಂಡದ್ದಕ್ಕೆ ಹೇಗೆ ಸ್ಪಂದಿಸುತ್ತಾನೆ, ಆ ಸ್ಪಂದನಕ್ಕೆ ಎಷ್ಟರ ಮಟ್ಟಿಗೆ ತೀರ್ಪಿನ ಬೆಲೆಯುಂಟು ಎಂಬ ಪ್ರಶ್ನೆಯು ಹಳೆಯದಾದರೂ, ದೂರದರ್ಶನದ ಯುಗದಲ್ಲಿ ಅದು ಹೊಸ ತೀಕ್ಷ್ಣತೆಯನ್ನು ಪಡೆದುಕೊಂಡಿದೆ. ಅದನ್ನು ಅಮೆರಿಕದ ಒಂದು ನಿದರ್ಶನದಿಂದ ವಿವೇಚಿಸಬೇಕೆಂಬುದು ಈ ಬರಹದ ಉದ್ದೇಶ. ಶನಿವಾರದ ತಡರಾತ್ರಿಯಲ್ಲಿ ಪ್ರಸಾರವಾಗುವ ಒಂದು ಹಾಸ್ಯ ಕಾರ್ಯಕ್ರಮದ ಒಂದು ಸಂಚಿಕೆಯಲ್ಲಿ, ಒಬ್ಬ ಗಾಯಕಿಯು ಕೆಲವೇ ನಿಮಿಷ ಹಾಡಿ, ಕೆಲವೇ ಕ್ಷಣಗಳಲ್ಲಿ ಮಾಡಿದ ಒಂದು ಕ್ರಿಯೆಗೆ ಒಂದು ದೇಶದ ಪ್ರೇಕ್ಷಕರು ಕೊಟ್ಟ ಉತ್ತರವು, ನೋಡುವುದೆಂದರೇನು, ಕೇಳುವುದೆಂದರೇನು ಎಂಬುದರ ವಿಷಯವಾಗಿ ಬಹು ದೊಡ್ಡ ಪಾಠವೊಂದನ್ನು ನಮ್ಮ ಮುಂದೆ ಇರಿಸುತ್ತದೆ.

ಆ ಕಾರ್ಯಕ್ರಮದ ಹೆಸರು 'ಸ್ಯಾಟರ್ಡೇ ನೈಟ್ ಲೈವ್'. ಎನ್‌ಬಿಸಿ ಸಂಸ್ಥೆಯು ಲಾರ್ನ್ ಮೈಕೇಲ್ಸ್ ಎಂಬ ಕೆನಡಾ ಸಂಜಾತ ನಿರ್ಮಾಪಕನ ನೇತೃತ್ವದಲ್ಲಿ ಇದನ್ನು 1975ರ ಅಕ್ಟೋಬರ್ 11ರಂದು ಆರಂಭಿಸಿತು. ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಪ್ಲಾಜಾದ 30ನೆಯ ಸಂಖ್ಯೆಯ ಸೌಧದಲ್ಲಿ 8ಎಚ್ ಎಂಬ ಸ್ಟುಡಿಯೋ ಇದೆ. ರೇಡಿಯೋದ ವೈಭವದ ದಿನಗಳಲ್ಲಿ ಆರ್ಟುರೋ ಟೋಸ್ಕನೀನಿಯಂತಹ ಮಹಾಸಂಗೀತನಿರ್ದೇಶಕನು ತನ್ನ ವಾದ್ಯವೃಂದವನ್ನು ನಡೆಸಿದ ಆ ಸಭಾಂಗಣದಿಂದಲೇ ಈ ಕಾರ್ಯಕ್ರಮವು ಇಂದಿಗೂ ಹೊರಡುತ್ತದೆ. ರಾತ್ರಿ ಹನ್ನೊಂದೂವರೆಗೆ ಆರಂಭವಾಗಿ ಒಂದು ಗಂಟೆಗೆ ಮುಗಿಯುವ ಆ ತೊಂಬತ್ತು ನಿಮಿಷಗಳಲ್ಲಿ, ವಾರಕ್ಕೊಬ್ಬ ಪ್ರಸಿದ್ಧ ವ್ಯಕ್ತಿಯು ಆತಿಥೇಯನ ಸ್ಥಾನವನ್ನು ವಹಿಸುತ್ತಾನೆ, ತಂಡದ ನಟರು ಒಂದಾದ ಮೇಲೊಂದರಂತೆ ಕಿರುಪ್ರಹಸನಗಳನ್ನು ಆಡಿತೋರಿಸುತ್ತಾರೆ, ನಡುವೆ ವಾರದ ಸುದ್ದಿಯ ವಿಡಂಬನೆ ಬರುತ್ತದೆ, ಅತಿಥಿ ಗಾಯಕರೊಬ್ಬರು ಎರಡು ಹಾಡುಗಳನ್ನು ಹಾಡುತ್ತಾರೆ. ಹೆಸರೇ ಸೂಚಿಸುವಂತೆ ಬಹುತೇಕ ಎಲ್ಲವೂ ನೇರವಾದ ಪ್ರಸಾರ. ನಟನು ತಪ್ಪಿದರೆ ತಪ್ಪು, ನಕ್ಕರೆ ನಗೆ, ಎರಡೂ ಇದ್ದಂತೆಯೇ ಲಕ್ಷಾಂತರ ಮನೆಗಳಿಗೆ ತಲಪುತ್ತವೆ.

ಈ ಕಾರ್ಯಕ್ರಮದ ಕಟ್ಟಡದಲ್ಲಿ ಪ್ರೇಕ್ಷಕನ ಪ್ರತಿಕ್ರಿಯೆಯು ಅಲಂಕಾರವಾಗಿರದೆ ತೊಲೆಯಂತೆಯೇ ಸೇರಿಕೊಂಡಿದೆಯೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸೋಮವಾರ ಆತಿಥೇಯನೊಡನೆ ಸಮಾಲೋಚನೆ, ಮಂಗಳವಾರ ರಾತ್ರಿಯಿಡೀ ಬರವಣಿಗೆ, ಬುಧವಾರ ಎಲ್ಲರೂ ಮೇಜಿನ ಸುತ್ತ ಕುಳಿತು ಬರೆದುದನ್ನೆಲ್ಲ ಗಟ್ಟಿಯಾಗಿ ಓದುವುದು, ಅನಂತರ ವೇದಿಕೆಯ ಸಿದ್ಧತೆ ಎಂಬ ಕ್ರಮದಲ್ಲಿ ವಾರವು ಉರುಳಿ ಶನಿವಾರ ಬಂದಾಗ, ರಾತ್ರಿ ಎಂಟು ಗಂಟೆಗೆ ಒಂದು ಪೂರ್ಣಾಭ್ಯಾಸವು ಸಾಕ್ಷಾತ್ ಪ್ರೇಕ್ಷಕರ ಎದುರಿಗೇ ನಡೆಯುತ್ತದೆ. ಆ ಸಭೆಯು ಎಲ್ಲಿ ನಕ್ಕಿತು, ಎಲ್ಲಿ ಸುಮ್ಮನಿತ್ತು ಎಂಬುದನ್ನು ನಿರ್ಮಾಪಕನು ನೋಡಿಕೊಂಡು, ಮೂರು ನಾಲ್ಕು ಪ್ರಹಸನಗಳನ್ನು ಕಿತ್ತುಹಾಕಿ, ಉಳಿದವುಗಳ ಅನುಕ್ರಮವನ್ನು ಬದಲಿಸಿ, ಹನ್ನೊಂದೂವರೆಯ ಪ್ರಸಾರಕ್ಕೆ ಅಂತಿಮ ರೂಪವನ್ನು ಕೊಡುತ್ತಾನೆ. ಸಂಜೆಯ ಸಭೆಯ ಮೌನವೇ ರಾತ್ರಿಯ ಸಭೆಗೆ ಏನು ಸಲ್ಲಬೇಕೆಂಬುದನ್ನು ನಿರ್ಣಯಿಸುತ್ತದೆ. ಭರತನು ಸಿದ್ಧಿಯ ಪ್ರಕರಣದಲ್ಲಿ ಮುಗುಳ್ನಗೆ, ಅರೆನಗೆ, ದೊಡ್ಡ ನಗೆ, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರಗಳು, ರೋಮಾಂಚ, ಆಸನದಿಂದ ಮೇಲೇಳುವಿಕೆ ಎಂದು ಪ್ರೇಕ್ಷಕರ ಪ್ರತಿಕ್ರಿಯೆಗಳನ್ನು ಒಂದೊಂದಾಗಿ ಎಣಿಸಿ, ಇವುಗಳಿಂದಲೇ ಪ್ರಯೋಗದ ಸಫಲತೆಯನ್ನು ಅಳೆಯಬೇಕೆಂದು ಹೇಳಿದನಲ್ಲವೆ? ನ್ಯೂಯಾರ್ಕಿನ ಆ ಸ್ಟುಡಿಯೋದಲ್ಲಿ ನಡೆಯುವುದು ಬಹುಮಟ್ಟಿಗೆ ಅದೇ ಲೆಕ್ಕಾಚಾರ.

ಮನೆಯಲ್ಲಿ ಕುಳಿತ ಪ್ರೇಕ್ಷಕನಿಗೂ ಈ ಕಾರ್ಯಕ್ರಮವು ಆಗಾಗ ತೀರ್ಪಿನ ಅಧಿಕಾರವನ್ನು ಕೊಟ್ಟದ್ದುಂಟು. 1982ರ ಏಪ್ರಿಲ್ 10ರ ಸಂಚಿಕೆಯಲ್ಲಿ ಎಡ್ಡಿ ಮರ್ಫಿಯೆಂಬ ನಟನು ಲಾಬ್‌ಸ್ಟರ್ ಎಂಬ ಜೀವಂತ ಕಡಲಪ್ರಾಣಿಯೊಂದನ್ನು ತೋರಿಸಿ, ಇದನ್ನು ಬೇಯಿಸಬೇಕೆ ಉಳಿಸಬೇಕೆ ಎಂಬುದನ್ನು ದೂರವಾಣಿಯ ಮೂಲಕ ತಿಳಿಸಿರೆಂದು ಕೇಳಿದಾಗ, ಕರೆಯೊಂದಕ್ಕೆ ಐವತ್ತು ಸೆಂಟುಗಳಂತೆ ತೆತ್ತು, ಉಳಿಸಿರೆಂದು 2,39,096 ಮಂದಿಯೂ ಬೇಯಿಸಿರೆಂದು 2,27,452 ಮಂದಿಯೂ ಮತ ಹಾಕಿದರು. ಅದೇ ವರ್ಷದ ನವೆಂಬರ್ 20ರಂದು, ಆ್ಯಂಡಿ ಕೌಫ್ಮನ್ ಎಂಬ ವಿಲಕ್ಷಣ ಪ್ರತಿಭೆಯ ಹಾಸ್ಯನಟನು ಇನ್ನು ಮುಂದೆ ಈ ವೇದಿಕೆಗೆ ಬರಬಹುದೆ ಕೂಡದೆ ಎಂಬ ಪ್ರಶ್ನೆಯನ್ನೇ ಪ್ರೇಕ್ಷಕರ ಮುಂದಿಡಲಾಯಿತು. ಇರಲಿ ಎಂದವರು 1,69,186. ಬೇಡ ಎಂದವರು 1,95,544. ಆತನು ಆ ವೇದಿಕೆಯಲ್ಲಿ ಮತ್ತೆ ಪ್ರತ್ಯಕ್ಷವಾಗಿ ಅಭಿನಯಿಸಲಿಲ್ಲ. 1984ರ ಮೇ ತಿಂಗಳಲ್ಲಿ ತನ್ನ 35ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇಂದು ಹಾಸ್ಯಕಲೆಯ ಚರಿತ್ರೆಯನ್ನು ಬರೆಯುವವರು ಆತನ ಹೆಸರನ್ನು ಗೌರವದಿಂದ ಎತ್ತುತ್ತಾರೆ. ಇದಕ್ಕೆ ಪ್ರತಿಯಾಗಿ ಪ್ರೇಕ್ಷಕರ ಒಲವು ಒಳ್ಳೆಯದನ್ನೇ ತಂದ ಪ್ರಸಂಗವೂ ಇದೆ: 2010ರಲ್ಲಿ ಸುಮಾರು ಐದು ಲಕ್ಷ ಜನರು ಒಕ್ಕೊರಲಿನಿಂದ ಒತ್ತಾಯಿಸಿದುದರ ಫಲವಾಗಿ, 88 ವರ್ಷ ವಯಸ್ಸಿನ ಬೆಟ್ಟಿ ವೈಟ್ ಎಂಬ ಹಿರಿಯ ನಟಿಯು ಆತಿಥೇಯಳಾಗಿ ಬಂದು ಎಲ್ಲರ ಮನಸ್ಸನ್ನೂ ಗೆದ್ದಳು. ಪ್ರೇಕ್ಷಕಸಮೂಹವು ವಾತ್ಸಲ್ಯದಲ್ಲಿಯೂ ಬಲಶಾಲಿ, ತಿರಸ್ಕಾರದಲ್ಲಿಯೂ ಬಲಶಾಲಿ. ಬಲವು ಉಳ್ಳವನಿಗೆ ವಿವೇಕವು ಇರಬೇಕಾದುದು ಎಷ್ಟು ಆವಶ್ಯಕವೆಂಬುದನ್ನು 1992ರ ಅಕ್ಟೋಬರ್ 3ರ ರಾತ್ರಿಯು ತೋರಿಸಿಕೊಟ್ಟಿತು.

ಆ ರಾತ್ರಿಯ ಆತಿಥೇಯನು ನಟ ಟಿಮ್ ರಾಬಿನ್ಸ್. ಗಾಯಕಿಯು ಐರ್ಲೆಂಡಿನ ಶಿನೇಡ್ ಓಕಾನರ್. ಆಕೆಗೆ ಆಗ ಇಪ್ಪತ್ತೈದು ವರ್ಷ. ಪ್ರಿನ್ಸ್ ಎಂಬ ಸಂಗೀತಗಾರನು ರಚಿಸಿದ 'ನಥಿಂಗ್ ಕಂಪೇರ್ಸ್ ಟು ಯೂ' ಎಂಬ ಗೀತೆಯನ್ನು ಹಾಡಿ, 1990ರಲ್ಲಿ ಆಕೆ ಜಗತ್ತಿನ ಅತ್ಯಂತ ಪ್ರಖ್ಯಾತ ಕಂಠಗಳಲ್ಲಿ ಒಂದಾಗಿದ್ದಳು. ಮನಸ್ಸಾಕ್ಷಿಗೆ ಒಪ್ಪದುದನ್ನು ನಿರಾಕರಿಸುವ ಸ್ವಭಾವವು ಆಕೆಗೆ ಮೊದಲಿನಿಂದಲೂ ಇದ್ದಿತು. 1990ರ ಮೇ ತಿಂಗಳಲ್ಲಿ ಇದೇ ಕಾರ್ಯಕ್ರಮದಲ್ಲಿ ಹಾಡಬೇಕಾಗಿದ್ದವಳು, ಆ ವಾರದ ಆತಿಥೇಯನ ಹಾಸ್ಯವು ಸ್ತ್ರೀಯರನ್ನು ಹೀನಾಯಗೊಳಿಸುವಂಥದೆಂದು ಹೇಳಿ ಹಿಂದೆ ಸರಿದಿದ್ದಳು. ಈಗ ಬಂದವಳು ಮೊದಲನೆಯ ಹಾಡನ್ನು ವಾದ್ಯಗಳೊಡನೆ ಹಾಡಿ, ಎರಡನೆಯದಕ್ಕೆ ವಾದ್ಯಗಳನ್ನೆಲ್ಲ ಬಿಟ್ಟು, ಬಿಳಿಯ ಉಡುಪಿನಲ್ಲಿ, ಉರಿಯುವ ಮೇಣದ ಬತ್ತಿಗಳ ಪಕ್ಕದಲ್ಲಿ ಒಬ್ಬಳೇ ನಿಂತು, ಗಾಯಕ ಬಾಬ್ ಮಾರ್ಲಿಯ 'ವಾರ್' ಎಂಬ ಗೀತೆಯನ್ನು ಎತ್ತಿಕೊಂಡಳು.

ಆ ಗೀತೆಯ ಮೂಲವು ಸಾಮಾನ್ಯವಾದುದಲ್ಲ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯು 1963ರಲ್ಲಿ ವಿಶ್ವಸಂಸ್ಥೆಯ ಎದುರಿಗೆ ಮಾಡಿದ ಭಾಷಣದ ಮಾತುಗಳನ್ನೇ ತೆಗೆದುಕೊಂಡು ಮಾರ್ಲಿಯು 1976ರಲ್ಲಿ ಅದನ್ನು ಹಾಡಾಗಿಸಿದ್ದನು. ವರ್ಣಭೇದವು ಅಳಿಯುವವರೆಗೆ ಶಾಂತಿಯು ಅಸಾಧ್ಯವೆಂಬುದು ಅದರ ತಾತ್ಪರ್ಯ. ಓಕಾನರ್ ಅದರ ಕೆಲವು ಸಾಲುಗಳನ್ನು ಬದಲಿಸಿ, ಮಕ್ಕಳ ಮೇಲಿನ ದೌರ್ಜನ್ಯ ಎಂಬ ಮಾತನ್ನು ಅವುಗಳ ಸ್ಥಾನದಲ್ಲಿ ಇರಿಸಿ, ಸ್ಪಷ್ಟವಾದ ಉಚ್ಚಾರಣೆಯಿಂದ, ಒತ್ತಿ, ಮತ್ತೆ ಒತ್ತಿ ಹಾಡಿದಳು. ವಾದ್ಯಗಳು ಇಲ್ಲದಿದ್ದುದರಿಂದ ಒಂದು ಅಕ್ಷರವೂ ಮಸುಕಾಗುವ ಸಂಭವವಿರಲಿಲ್ಲ. ಹಾಡಿನ ಕಡೆಯ ಮಾತಿಗೆ ಬಂದಾಗ ಆಕೆ ಪೋಪ್ ಎರಡನೆಯ ಜಾನ್ ಪಾಲ್ ಅವರ ಭಾವಚಿತ್ರವನ್ನು ಕ್ಯಾಮೆರಾದ ಎದುರಿಗೆ ಎತ್ತಿಹಿಡಿದು, ಅದನ್ನು ಹರಿದು ಚೂರು ಮಾಡಿ, ಚೂರುಗಳನ್ನು ಮುಂದಕ್ಕೆ ಎಸೆದು, ನಿಜವಾದ ಶತ್ರುವಿನೊಡನೆ ಹೋರಾಡಿರೆಂದು ಹೇಳಿ, ಮೇಣದ ಬತ್ತಿಗಳನ್ನು ಆರಿಸಿ ಹೊರಟುಹೋದಳು.

ಅಲ್ಲಿಂದ ಮುಂದೆ ಬಂದ ಪ್ರತಿಕ್ರಿಯೆಗಳನ್ನು ಅನುಕ್ರಮವಾಗಿ ನೋಡುವುದು ಉಚಿತ. ಏಕೆಂದರೆ ಒಂದೇ ಕ್ರಿಯೆಗೆ ದೊರೆತ ಉತ್ತರವು ಸ್ಥಳದಿಂದ ಸ್ಥಳಕ್ಕೆ, ಗಂಟೆಯಿಂದ ಗಂಟೆಗೆ ಹೇಗೆ ರೂಪಾಂತರಗೊಳ್ಳುತ್ತದೆಂಬುದು ಅದರಿಂದ ವಿಶದವಾಗುತ್ತದೆ. ಮೊದಲನೆಯದು ಸಭಾಂಗಣದ ಮೌನ. ದೂರದರ್ಶನದ ಸ್ಟುಡಿಯೋಗಳಲ್ಲಿ ಪ್ರೇಕ್ಷಕರಿಗೆ ಚಪ್ಪಾಳೆಯ ಸಮಯವನ್ನು ಸೂಚಿಸುವ ಒಂದು ದೀಪದ ಫಲಕವಿರುತ್ತದೆ. ಆ ರಾತ್ರಿ ಅದನ್ನು ಬೆಳಗಿಸಬಾರದೆಂದು ನಿಯಂತ್ರಣ ಕೊಠಡಿಯಲ್ಲಿ ಆಜ್ಞೆಯಾಯಿತು. ಚಪ್ಪಾಳೆಯೂ ಇಲ್ಲ, ಧಿಕ್ಕಾರವೂ ಇಲ್ಲ. ಎದುರಿಗೆ ಇದ್ದವರು, ಗಾಯಕಿಯ ಉಸಿರು ಕೇಳಿಸುವಷ್ಟು ಸಮೀಪದಲ್ಲಿ ಕುಳಿತವರು, ನಿಶ್ಶಬ್ದರಾದರು. ಆ ಮೌನದಲ್ಲಿ ದಿಗ್ಭ್ರಮೆಯು ಇದ್ದೀತು, ಭಯವೂ ಇದ್ದೀತು. ಆದರೆ ನನ್ನ ಎಣಿಕೆಯಲ್ಲಿ, ಆ ಪ್ರಸಂಗಕ್ಕೆ ದೊರೆತ ಎಲ್ಲ ಪ್ರತಿಕ್ರಿಯೆಗಳ ಪೈಕಿ ಅತ್ಯಂತ ಪ್ರಾಮಾಣಿಕವಾದುದು ಆ ಮೌನವೇ. ಅರ್ಥವಾಗದುದರ ಎದುರಿಗೆ ಮನುಷ್ಯನು ಒಂದು ಕ್ಷಣ ಸುಮ್ಮನಿರುವುದು ಸಹಜಧರ್ಮ.

ಎರಡನೆಯದು ದೂರವಾಣಿಯ ಮಳೆ. ಭಾನುವಾರ ಐನೂರಕ್ಕೂ ಮಿಕ್ಕಿದ ಕರೆಗಳು, ಸೋಮವಾರ ಮತ್ತೆ ನಾನೂರು. ಅವುಗಳಲ್ಲಿ ಏಳನ್ನು ಬಿಟ್ಟು ಉಳಿದವೆಲ್ಲವೂ ಗಾಯಕಿಯ ಖಂಡನೆ. ಒಟ್ಟು ಕರೆಗಳ ಸಂಖ್ಯೆಯು 4,400ಕ್ಕೆ ಏರಿತು. ಅಮೆರಿಕದ ಪಶ್ಚಿಮ ತೀರದವರು ಅದೇ ಕಾರ್ಯಕ್ರಮವನ್ನು ದೃಶ್ಯಮುದ್ರಿಕೆಯ ರೂಪದಲ್ಲಿ ಮೂರು ಗಂಟೆ ತಡವಾಗಿ ನೋಡುತ್ತಿದ್ದ ಕಾಲವದು. ಸಂಸ್ಥೆಯು ಆ ಭಾಗವನ್ನು ಕತ್ತರಿಸದೆ ಅವರಿಗೂ ತೋರಿಸಿತು. ಮರುದಿನದಿಂದ ಪತ್ರಿಕೆಗಳು ಬಂದವು. ಪತ್ರಿಕೆಯ ಮುಖಪುಟಕ್ಕೆ ಹಾಡನ್ನು ಮುದ್ರಿಸುವ ಶಕ್ತಿಯಿಲ್ಲ. ಹರಿಯುತ್ತಿರುವ ಕೈಗಳನ್ನು ಮುದ್ರಿಸುವ ಶಕ್ತಿ ಯಥೇಷ್ಟವಾಗಿ ಉಂಟು. ಆದಕಾರಣ ಆ ರಾತ್ರಿ ನಿದ್ದೆ ಮಾಡಿದ್ದವರಿಗೂ, ಹಾಡನ್ನು ಎಂದೂ ಕೇಳದವರಿಗೂ ಆ ಚಿತ್ರವು ತಲಪಿತು. ಅವರೂ ಕುಪಿತರಾದ ಪ್ರೇಕ್ಷಕರ ಸಾಲಿಗೆ ಸೇರಿದರು.

ಮೂರನೆಯದು ಅದೇ ವೇದಿಕೆಯ ಮೇಲೆ ನಡೆದ ಪ್ರತ್ಯುತ್ತರ. ಒಂದು ವಾರದ ತರುವಾಯ, ಅಕ್ಟೋಬರ್ 10ರಂದು, ಆತಿಥೇಯನಾಗಿ ಬಂದ ನಟ ಜೋ ಪೆಶಿಯು ಅಂಟಿಸಿ ಸರಿಪಡಿಸಿದ ಆ ಚಿತ್ರವನ್ನು ಸಭೆಗೆ ತೋರಿಸಿ, ಅಂದು ತಾನು ಆತಿಥೇಯನಾಗಿದ್ದ ಪಕ್ಷದಲ್ಲಿ ಆಕೆಗೆ ಸರಿಯಾಗಿ ಬಾರಿಸುತ್ತಿದ್ದೆನೆಂಬ ಅರ್ಥದ ಮಾತನ್ನು ಆಡಿದಾಗ, ಹಿಂದಿನ ವಾರ ಮೌನವಾಗಿದ್ದ ಅದೇ ಸಭಾಂಗಣವು ಕರತಾಡನದಿಂದ ಮೊಳಗಿತು. ಒಬ್ಬ ತರುಣಿಯ ಕೆನ್ನೆಗೆ ಹೊಡೆಯುವ ಮಾತಿಗೆ ಅಷ್ಟೊಂದು ಚಪ್ಪಾಳೆ ಬಿದ್ದುದನ್ನು ಇಂದು ನೆನೆದಾಗ ಮನಸ್ಸು ಕುಗ್ಗುತ್ತದೆ. ನಾಲ್ಕನೆಯದು ಬೀದಿಯ ಪ್ರತಿಕ್ರಿಯೆ: ನ್ಯೂಯಾರ್ಕಿನಲ್ಲಿ ಆಕೆಯ ಹಾಡಿನ ತಟ್ಟೆಗಳನ್ನೂ ಕ್ಯಾಸೆಟ್ಟುಗಳನ್ನೂ ರಾಶಿ ಹಾಕಿ ರೋಡ್ ರೋಲರಿನಡಿ ಪುಡಿಮಾಡಿದರು.

ಐದನೆಯದು ಅಕ್ಟೋಬರ್ 16ರ ರಾತ್ರಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ. ಬಾಬ್ ಡಿಲನ್ನನ ಸಂಗೀತಜೀವನದ ಮೂವತ್ತು ವರ್ಷಗಳ ಗೌರವಾರ್ಥವಾಗಿ ನಡೆದ ಮಹಾಸಮಾರಂಭವದು. ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಓಕಾನರ್‌ಳನ್ನು ಧೈರ್ಯವಂತೆಯೆಂದು ಪರಿಚಯಿಸಿ ವೇದಿಕೆಗೆ ಕರೆದಾಗ, ಜಯಕಾರವೂ ಧಿಕ್ಕಾರವೂ ಒಂದರೊಡನೊಂದು ಹೆಣೆದುಕೊಂಡು ಎದ್ದವು. ಡಿಲನ್ನನ ಹಾಡೊಂದನ್ನು ಹಾಡಲು ಸಿದ್ಧವಾಗಿ ಬಂದಿದ್ದವಳು ಆ ಗದ್ದಲದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಳು. ಕಡೆಗೆ ವಾದ್ಯದವರನ್ನು ತಡೆದು, ಅದೇ 'ವಾರ್' ಗೀತೆಯನ್ನು ಅದೇ ಮಾತುಗಳೊಡನೆ ಕೂಗಿ ಹೇಳಿ, ವೇದಿಕೆಯಿಂದ ಇಳಿಯುವಾಗ ಕ್ರಿಸ್ಟಾಫರ್ಸನ್ನನ ತೋಳುಗಳಲ್ಲಿ ಅತ್ತಳು. ಅನ್ಯಾಯವನ್ನು ಹಾಡಿನಿಂದ ಪ್ರತಿಭಟಿಸಿ ಹೆಸರಾದ ಕವಿಯನ್ನು ಗೌರವಿಸಲು ಕೂಡಿದ್ದ ಸಭೆಯಲ್ಲಿಯೇ, ಹಾಡಿನಿಂದ ಪ್ರತಿಭಟಿಸಿದವಳಿಗೆ ಹೀಗಾಯಿತೆಂಬುದು ಚಿಂತನೆಗೆ ಅರ್ಹವಾದುದು.

ಇಷ್ಟೆಲ್ಲ ನಡೆದಾಗ ಆಕೆಯ ಹೃದಯದಲ್ಲಿ ಇದ್ದುದಾದರೂ ಏನು? ಹರಿದುಹೋದ ಆ ಭಾವಚಿತ್ರವು ಅಂಗಡಿಯಲ್ಲಿ ಕೊಂಡುತಂದುದಾಗಿರಲಿಲ್ಲ. ಅದು ಆಕೆಯ ತಾಯಿಯ ಮಲಗುವ ಕೋಣೆಯ ಗೋಡೆಯ ಮೇಲೆ ಇದ್ದುದು. 1979ರಲ್ಲಿ ಪೋಪರು ಐರ್ಲೆಂಡಿಗೆ ಭೇಟಿಯಿತ್ತಾಗಿನ ಚಿತ್ರ. ಬಾಲ್ಯದಲ್ಲಿ ಆ ತಾಯಿಯಿಂದ ತಾನು ಅನುಭವಿಸಿದ ಹಿಂಸೆಯನ್ನು ಓಕಾನರ್ ಬಹಿರಂಗವಾಗಿ ಹೇಳಿಕೊಂಡಿದ್ದಾಳೆ. ಹದಿವಯಸ್ಸಿನಲ್ಲಿ ಸುಮಾರು ಒಂದೂವರೆ ವರ್ಷವನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಡಬ್ಲಿನ್ನಿನ ಒಂದು ಸಂಸ್ಥೆಯಲ್ಲಿ ಕಳೆದಿದ್ದಳು. 1985ರಲ್ಲಿ ತಾಯಿಯು ಅಪಘಾತದಲ್ಲಿ ತೀರಿಕೊಂಡಾಗ ಆ ಚಿತ್ರವನ್ನು ಗೋಡೆಯಿಂದ ತೆಗೆದುಕೊಂಡು, ಅದನ್ನು ನಾಶಗೊಳಿಸುವ ಯೋಗ್ಯ ಸಮಯವು ಬರುವವರೆಗೆ ಇರಿಸಿಕೊಂಡಿದ್ದೆನೆಂದು 2021ರಲ್ಲಿ ಪ್ರಕಟವಾದ ತನ್ನ ಆತ್ಮಕಥನ 'ರಿಮೆಂಬರಿಂಗ್ಸ್'ನಲ್ಲಿ ಬರೆದಿದ್ದಾಳೆ. ಘಟನೆ ನಡೆದ ಕೆಲವೇ ವಾರಗಳಲ್ಲಿ 'ಟೈಮ್' ಪತ್ರಿಕೆಯೊಡನೆ ಮಾತನಾಡುತ್ತ, ತನ್ನ ಗುರಿಯು ಆ ವ್ಯಕ್ತಿಯಲ್ಲವೆಂದೂ ಆ ಪೀಠವೂ ಅದು ಪ್ರತಿನಿಧಿಸುವ ಸಂಸ್ಥೆಯೂ ಎಂದೂ ಸ್ಪಷ್ಟಪಡಿಸಿದ್ದಳು. ಆದರೆ ಆ ವಿವರಣೆಯನ್ನು ಕೇಳುವ ತಾಳ್ಮೆಯು ಅಂದು ಬಹು ಜನಕ್ಕೆ ಉಳಿದಿರಲಿಲ್ಲ.

ಕಾಲವು ಮುಂದೆ ಸರಿದಂತೆ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. 1999ರಲ್ಲಿ ಐರ್ಲೆಂಡಿನ ಪ್ರಧಾನಿಯು, ಸಂಸ್ಥೆಗಳಲ್ಲಿ ಬೆಳೆದು ನೊಂದ ಮಕ್ಕಳ ಕ್ಷಮೆಯನ್ನು ಸರ್ಕಾರದ ಪರವಾಗಿ ಕೇಳಿದನು. 2002ರ ಜನವರಿಯಲ್ಲಿ 'ಬಾಸ್ಟನ್ ಗ್ಲೋಬ್' ಪತ್ರಿಕೆಯು, ಮಕ್ಕಳನ್ನು ಪೀಡಿಸಿದ ಪಾದ್ರಿಗಳನ್ನು ಧರ್ಮಸಂಸ್ಥೆಯು ಊರಿನಿಂದ ಊರಿಗೆ ವರ್ಗಾಯಿಸಿ ಸಂಗತಿಯನ್ನು ಮುಚ್ಚಿಟ್ಟ ಬಗೆಯನ್ನು ಸರಣಿಯಾಗಿ ಬಯಲುಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಬರ್ನಾರ್ಡ್ ಲಾ ಪದವಿಯನ್ನು ತ್ಯಜಿಸಿದರು. 2009ರ ಮೇ ತಿಂಗಳಲ್ಲಿ ಐರ್ಲೆಂಡಿನ ರಯಾನ್ ಆಯೋಗದ ವರದಿಯು, ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದ ಹಿಂಸೆಯನ್ನು ಸಂಪುಟಗಳಲ್ಲಿ ದಾಖಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಡಬ್ಲಿನ್ ಧರ್ಮಪ್ರಾಂತವನ್ನು ಕುರಿತ ಮರ್ಫಿ ವರದಿಯು ಬಂದಿತು. 2010ರ ಮಾರ್ಚಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಐರ್ಲೆಂಡಿನ ಕ್ಯಾಥೊಲಿಕರಿಗೆ ವಿಶೇಷ ಪತ್ರವೊಂದನ್ನು ಬರೆದು, ನೊಂದವರ ಎದುರಿಗೆ ಧರ್ಮಸಂಸ್ಥೆಯ ಲಜ್ಜೆಯನ್ನೂ ಪಶ್ಚಾತ್ತಾಪವನ್ನೂ ವ್ಯಕ್ತಪಡಿಸಿದರು. ಹದಿನೇಳು ಹದಿನೆಂಟು ವರ್ಷಗಳ ಹಿಂದೆ ಒಬ್ಬ ತರುಣಿಯು ಮಧ್ಯರಾತ್ರಿಯ ಹಾಸ್ಯ ಕಾರ್ಯಕ್ರಮದಲ್ಲಿ ಯಾವ ಮಾತನ್ನು ಒತ್ತಿ ಒತ್ತಿ ಹಾಡಿದ್ದಳೋ, ಆ ಮಾತನ್ನೇ ಆಯೋಗಗಳು ಸಾಕ್ಷ್ಯಸಮೇತವಾಗಿ ಬರೆದಿರಿಸಿದವು.

ಹಾಗೆಂದು ಅಂದು ನೊಂದ ಪ್ರೇಕ್ಷಕರನ್ನು ಇಂದು ಹೀಗಳೆಯುವುದು ನನ್ನ ಇಷ್ಟವಲ್ಲ. ಹರಿದ ಚಿತ್ರವು ಕೋಟ್ಯಂತರ ಭಕ್ತರಿಗೆ ಪೂಜ್ಯವಾದುದು. 1981ರಲ್ಲಿ ಕೊಲೆಗಾರನ ಗುಂಡಿನಿಂದ ಬದುಕುಳಿದು, ತನ್ನನ್ನು ಕೊಲ್ಲಬಂದವನನ್ನು ಸೆರೆಮನೆಗೇ ಹೋಗಿ ಕ್ಷಮಿಸಿದ ಒಬ್ಬ ಗುರುವಿನದು. ಮನೆಯ ದೇವರ ಪಟವನ್ನು ಯಾರಾದರೂ ಕಣ್ಣೆದುರಿಗೆ ಹರಿದರೆ ನಮ್ಮಲ್ಲಿ ಎಷ್ಟು ಮಂದಿ ಸಮಚಿತ್ತರಾಗಿ ಇರಬಲ್ಲೆವು? ನೋವು ಅಪರಾಧವಲ್ಲ, ನೊಂದವನು ಸ್ವರವೆತ್ತುವುದೂ ಅಪರಾಧವಲ್ಲ. ನಾನು ವಿಚಾರಿಸಬೇಕೆಂದಿರುವುದು ಬೇರೊಂದನ್ನು. ಆ ರಾತ್ರಿಯ ಪ್ರೇಕ್ಷಕರಿಗೆ ಎರಡು ವಸ್ತುಗಳನ್ನು ಕೊಡಲಾಗಿತ್ತು: ಕಿವಿಗೆ ಒಂದು ಮಾತು, ಕಣ್ಣಿಗೆ ಒಂದು ದೃಶ್ಯ. ಮಾತು ಮೊದಲು ಬಂದಿತು, ನಿಮಿಷಗಳ ಕಾಲ ನಿಂತಿತು, ಪುನರುಕ್ತವಾಯಿತು. ದೃಶ್ಯವು ಕಡೆಯಲ್ಲಿ ಬಂದು ಕ್ಷಣಮಾತ್ರದಲ್ಲಿ ಮುಗಿಯಿತು. ಆದರೂ ದೃಶ್ಯವು ಮಾತನ್ನು ಪೂರ್ಣವಾಗಿ ನುಂಗಿಹಾಕಿತು. ಚಿತ್ರವನ್ನು ಹರಿದಳೆಂಬುದನ್ನು ಎಲ್ಲರೂ ಕಂಡರು. ಹರಿಯುವುದಕ್ಕೆ ಮುಂಚೆ ಆಕೆ ಮಕ್ಕಳ ಹೆಸರನ್ನು ಎತ್ತಿದಳೆಂಬುದನ್ನು ಕೇಳಿಯೂ ಬಹುಮಂದಿ ಕೇಳಲಿಲ್ಲ. ಕರೆಗಳು ಬಂದುದು ಕಾಗದದ ಪರವಾಗಿ. ಮಕ್ಕಳ ಪರವಾಗಿ ಬಂದ ಕರೆಗಳು ಆ ಏಳರಲ್ಲಿಯೇ ಅಡಗಿರಬೇಕು.

ಇದಕ್ಕೆ ಕಾರಣವು ಮನುಷ್ಯರ ದುಷ್ಟತನವೆಂದು ನಾನು ನಂಬಲಾರೆ; ಕಾರಣವು ಬಹುಮಟ್ಟಿಗೆ ಮಾಧ್ಯಮದ ಪ್ರಕೃತಿಯಲ್ಲಿಯೂ ಇಂದ್ರಿಯಗಳ ಪ್ರಕೃತಿಯಲ್ಲಿಯೂ ಇದೆ. ಮಾತನ್ನು ಗ್ರಹಿಸಲು ಬುದ್ಧಿಯು ಅದರ ಹಿಂದೆ ನಡೆಯಬೇಕು. ದೃಶ್ಯವು ಬುದ್ಧಿಗಾಗಿ ಕಾಯದೆ ನೆಟ್ಟಗೆ ಭಾವವನ್ನು ತಟ್ಟುತ್ತದೆ. ರಾತ್ರಿಯ ಹೊತ್ತು, ನಗಬೇಕೆಂದು ಕುಳಿತ ಮನಸ್ಸು, ಮುನ್ಸೂಚನೆಯಿಲ್ಲದ ಆಘಾತ, ಪಕ್ಕದಲ್ಲಿ ಮಾತನಾಡಲು ಮತ್ತೊಬ್ಬನಿಲ್ಲದ ಏಕಾಂತ, ಕೈಗೆ ಎಟುಕುವಷ್ಟು ಸಮೀಪದಲ್ಲಿ ದೂರವಾಣಿ: ಇವೆಲ್ಲವೂ ಕೂಡಿದಾಗ ಪ್ರತಿಕ್ರಿಯೆಯು ವಿಚಾರಕ್ಕಿಂತ ಮುಂಚೆಯೇ ಹುಟ್ಟಿ, ಅನಂತರ ತನ್ನನ್ನು ಸಮರ್ಥಿಸಿಕೊಳ್ಳಲು ವಿಚಾರವನ್ನು ಹುಡುಕುತ್ತದೆ. ನಾಟಕಶಾಲೆಯಲ್ಲಿ ಕುಳಿತ ಸಾವಿರ ಜನರು ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡು ಮೌನಿಗಳಾಗಬಲ್ಲರು. ಮನೆಮನೆಯಲ್ಲಿ ಒಂಟಿಯಾಗಿ ಕುಳಿತ ಲಕ್ಷ ಜನರಿಗೆ ಆ ಸೌಕರ್ಯವಿಲ್ಲ. ನಮ್ಮ ಆಲಂಕಾರಿಕರು ಉತ್ತಮ ಪ್ರೇಕ್ಷಕನನ್ನು ಸಹೃದಯನೆಂದು ಕರೆದುದು ಈ ಕಾರಣದಿಂದಲೇ ಮಹತ್ತ್ವದ್ದು. ಸಹೃದಯನೆಂದರೆ ತಾನು ಕಂಡದ್ದನ್ನೆಲ್ಲ ಮೆಚ್ಚುವವನೆಂದು ಅರ್ಥವಲ್ಲ. ಎದುರಿಗಿರುವ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು, ಅದು ಎಲ್ಲಿಂದ ಮಿಡಿಯುತ್ತಿದೆಯೆಂದು ಕಿವಿಗೊಟ್ಟು ಆಲಿಸಿದ ಮೇಲೆಯೇ ಒಪ್ಪುವವನು ಇಲ್ಲವೆ ಒಪ್ಪದಿರುವವನು.

ಸಂಖ್ಯೆಯ ವಿಷಯದಲ್ಲಿಯೂ ಎಚ್ಚರವು ಬೇಕು. ಪ್ರಹಸನವೊಂದಕ್ಕೆ ಎಷ್ಟು ಜನ ನಕ್ಕರೆಂಬ ಎಣಿಕೆಯಿಂದ ಆ ಪ್ರಹಸನದ ಸಾಫಲ್ಯವನ್ನು ಅಳೆಯಬಹುದು. ನಗಿಸುವುದೇ ಅದರ ಪ್ರಯೋಜನವಾದುದರಿಂದ ಅಲ್ಲಿ ಪ್ರೇಕ್ಷಕನೇ ಪ್ರಮಾಣ. ಆದರೆ ಒಂದು ಆಪಾದನೆಯು ಸತ್ಯವೋ ಮಿಥ್ಯೆಯೋ ಎಂಬುದನ್ನು ಅದಕ್ಕೆ ಎಷ್ಟು ಜನ ಕೋಪಿಸಿಕೊಂಡರೆಂಬ ಎಣಿಕೆಯಿಂದ ಅಳೆಯುವಂತಿಲ್ಲ. 4,400 ಕರೆಗಳು ಎಷ್ಟು ಹೃದಯಗಳು ನೊಂದವೆಂಬುದನ್ನು ಹೇಳಿದವು. ಆ ಮಾತು ಆಡತಕ್ಕದ್ದಾಗಿತ್ತೆ ಎಂಬುದನ್ನು ಹೇಳಲು ಅವುಗಳಿಗೆ ಅಧಿಕಾರವಿರಲಿಲ್ಲ. ಈ ಎರಡು ಅಳತೆಗೋಲುಗಳನ್ನು ಬೆರೆಸಿಬಿಟ್ಟುದೇ ಆ ದಿನಗಳ ದೋಷ. ಒಂದೊಂದು ಪ್ರಸಾರಕ್ಕೂ ಬರುವ ಪ್ರತಿಕ್ರಿಯೆಗಳನ್ನು ಕ್ಷಣಕ್ಷಣವೂ ಎಣಿಸುವ ಸಾಮರ್ಥ್ಯವು ಇಂದು ಅನೇಕ ಪಟ್ಟು ಬೆಳೆದಿರುವಾಗ, ಆ ದೋಷವೂ ಅದರೊಡನೆ ಬೆಳೆಯದಂತೆ ನೋಡಿಕೊಳ್ಳುವುದು ಪ್ರೇಕ್ಷಕನಾದ ಪ್ರತಿಯೊಬ್ಬನ ಹೊಣೆ.

ಓಕಾನರ್ 2023ರ ಜುಲೈ 26ರಂದು ಲಂಡನ್ನಿನಲ್ಲಿ, ತನ್ನ 56ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಗಸ್ಟ್ 8ರಂದು ಆಕೆಯ ಅಂತಿಮಯಾತ್ರೆಯು ಐರ್ಲೆಂಡಿನ ಬ್ರೇ ಎಂಬ ಕಡಲತೀರದ ಊರಿನಲ್ಲಿ ಸಾಗಿದಾಗ, ಸಾವಿರಾರು ಜನರು ದಾರಿಯ ಇಕ್ಕೆಲಗಳಲ್ಲಿಯೂ ನಿಂತು ಹೂಗಳನ್ನು ಅರ್ಪಿಸಿ ಹಾಡಿದರು. ದೇಶದ ಅಧ್ಯಕ್ಷರೇ ಅಂತ್ಯಸಂಸ್ಕಾರಕ್ಕೆ ಬಂದಿದ್ದರು. ಸಹಸ್ರಾರು ಕಂಠಗಳಿಂದ ಬಂದ ಆ ಹಾಡೂ ಪ್ರೇಕ್ಷಕರ ಪ್ರತಿಕ್ರಿಯೆಯೇ. ಮೂವತ್ತೊಂದು ವರ್ಷ ತಡವಾಗಿ ಬಂದುದು ಅಷ್ಟೇ.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಸಂಗತಿಯೊಂದನ್ನು ಕಡೆಗೆಂದು ಉಳಿಸಿಕೊಂಡಿದ್ದೇನೆ. ಆ ಶನಿವಾರದ ಸಂಜೆ ಎಂಟು ಗಂಟೆಯ ಪೂರ್ಣಾಭ್ಯಾಸದಲ್ಲಿಯೂ ಓಕಾನರ್ ಅದೇ ಗೀತೆಯನ್ನು ಹಾಡಿದ್ದಳು. ಆಗ ಆಕೆ ಕಡೆಯಲ್ಲಿ ಎತ್ತಿಹಿಡಿದುದು ಪೋಪರ ಚಿತ್ರವನ್ನಲ್ಲ, ಒಂದು ಮಗುವಿನ ಚಿತ್ರವನ್ನು. ಅದು ನಿರ್ಮಾಪಕರಿಗಾಗಲಿ ಸಂಸ್ಥೆಯವರಿಗಾಗಲಿ ಆಕ್ಷೇಪಣೀಯವೆಂದು ತೋರಲಿಲ್ಲ. ಮುಂದೆ ಆ ಸಂಚಿಕೆಯನ್ನು ಮರುಪ್ರಸಾರ ಮಾಡಬೇಕಾಗಿ ಬಂದಾಗ, ನೇರ ಪ್ರಸಾರದ ಭಾಗವನ್ನು ತೆಗೆದು, ಪೂರ್ಣಾಭ್ಯಾಸದ ಭಾಗವನ್ನು ಅದರ ಸ್ಥಾನದಲ್ಲಿ ಸೇರಿಸಿದರು. ಮಗುವಿನ ಚಿತ್ರವು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲವೆಂದೇ ಅಲ್ಲವೆ, ಹರಿದ ಚಿತ್ರದ ಜಾಗದಲ್ಲಿ ಅದನ್ನು ನಿಶ್ಚಿಂತೆಯಿಂದ ಇರಿಸಿದುದು? ಆದರೆ ಆಕೆ ಮಾತನಾಡಿದುದೆಲ್ಲ ಆ ಮಗುವನ್ನು ಕುರಿತೇ ಆಗಿತ್ತು. ಮಗುವಿನ ಮುಖವನ್ನು ಕಂಡಾಗ ಸುಮ್ಮನಿದ್ದವರೂ, ಕಾಗದವು ಹರಿದಾಗ ಎದ್ದು ನಿಂತವರೂ, ಇಬ್ಬರೂ ಬ್ರಹ್ಮನು ಕೇಳಿದ ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ ಸಾಕಾಗಿತ್ತು: ಏಕೆ? ದೂರವಾಣಿಯನ್ನು ಎತ್ತುವ ಮುನ್ನ ಆ ಒಂದು ಮಾತು ತುಟಿಗೆ ಬಂದಿದ್ದ ಪಕ್ಷದಲ್ಲಿ, ಆಯೋಗಗಳ ಸಂಪುಟಗಳಲ್ಲಿ ಕಡೆಗೆ ದಾಖಲಾದ ಆ ಮಕ್ಕಳ ಅಳಲು ಇನ್ನಷ್ಟು ಬೇಗ ಜಗತ್ತಿನ ಕಿವಿಯನ್ನು ಮುಟ್ಟುತ್ತಿದ್ದೀತು.